ನಗಿಸಿ ಕಲಿಸಿದ ಪಂತುಲು

ವನವಾಸವನ್ನು ಮುಗಿಸಿದ ಪಾಂಡವರು ಒಂದು ವರ್ಷದ ಅಜ್ಞಾತವಾಸಕ್ಕಾಗಿ ವಿರಾಟನ ಅರಮನೆಯನ್ನು ಸೇರಿದ ಕಥೆ ಎಲ್ಲರಿಗೂ ತಿಳಿದುದೇ ಆಗಿದೆ. ಭೀಮನು ವಲಲನೆಂಬ ಅಡಿಗೆಯವನಾದನು. ಅರ್ಜುನನು ಬೃಹನ್ನಳೆಯಾಗಿ ಅಂತಃಪುರದಲ್ಲಿ ನಾಟ್ಯ ಕಲಿಸಿದನು. ಗೋಗ್ರಹಣದ ಸಮಯದಲ್ಲಿ, ಹೆಂಗಳೆಯರ ಮುಂದೆ ತನ್ನ ಪೌರುಷವನ್ನು ಕೊಚ್ಚಿಕೊಂಡ ಉತ್ತರಕುಮಾರನು ಇದೇ ಬೃಹನ್ನಳೆಯನ್ನು ಸಾರಥಿಯಾಗಿ ಕರೆದೊಯ್ದನು. ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಅವನನ್ನು ಬೆನ್ನಟ್ಟಿ ಹಿಡಿದು ತಂದ ಸಾರಥಿಯು ಲೋಕೈಕವೀರನಾದ ಅರ್ಜುನನೆಂಬುದು ಉತ್ತರನಿಗೆ ತಿಳಿಯದು. ಕಥೆಯನ್ನು ಕೇಳುವವರಿಗೆ ತಿಳಿದಿದೆ. ಪಾತ್ರಗಳಿಗೆ ತಿಳಿಯದ ಸತ್ಯವು ಕೇಳುಗರಿಗೆ ತಿಳಿದಿರುವುದರಿಂದಲೇ ಇಲ್ಲಿ ನಗು ಹುಟ್ಟುತ್ತದೆ.

ಒಬ್ಬರನ್ನು ಮತ್ತೊಬ್ಬರೆಂದು ತಿಳಿಯುವ ಭ್ರಾಂತಿಯಿಂದ ಹಾಸ್ಯವನ್ನು ಬೆಳೆಸುವ ಈ ಕ್ರಮವು ಬಹು ಪ್ರಾಚೀನವಾದುದು. ರೋಮಿನ ನಾಟಕಕಾರನಾದ ಪ್ಲಾಟಸನು ಕ್ರಿಸ್ತಪೂರ್ವ ಕಾಲದಲ್ಲಿಯೇ ಅವಳಿ ಸಹೋದರರನ್ನು ಕುರಿತು ಪ್ರಹಸನವೊಂದನ್ನು ರಚಿಸಿದನು. ಅದನ್ನು ಆಧರಿಸಿದ ಷೇಕ್ಸ್‌ಪಿಯರನು ಒಡೆಯರ ಅವಳಿಯ ಜೊತೆಗೆ ಸೇವಕರ ಅವಳಿಯನ್ನೂ ಸೇರಿಸಿ ಗೊಂದಲವನ್ನು ಇಮ್ಮಡಿಗೊಳಿಸಿದನು. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಆ ಕಥೆಯನ್ನು ಬಂಗಾಳಿಗೆ ತಂದರು, ಬಿ. ವೆಂಕಟಾಚಾರ್ಯರು ಅದನ್ನು ‘ಭ್ರಾಂತಿವಿಲಾಸ’ವೆಂಬ ಹೆಸರಿನಲ್ಲಿ ಕನ್ನಡಿಗರಿಗೆ ಒದಗಿಸಿದರು. ಚಲನಚಿತ್ರವು ಬಂದ ಮೇಲೆ ಈ ಬಗೆಯ ಹಾಸ್ಯಕ್ಕೆ ಹೊಸ ಅನುಕೂಲ ದೊರೆಯಿತು. ನಾಟಕದಲ್ಲಿ ಹೋಲಿಕೆಯುಳ್ಳ ಇಬ್ಬರು ನಟರನ್ನು ಹುಡುಕಬೇಕಾಗಿತ್ತು. ಚಿತ್ರದಲ್ಲಿ ಒಬ್ಬ ನಟನೇ ಇಬ್ಬರಾಗಿ ಎದುರುಬದುರು ನಿಲ್ಲುವುದು ಸಾಧ್ಯವಾಯಿತು. ದಕ್ಷಿಣ ಭಾರತದಲ್ಲಿ ಇಂತಹ ಚಿತ್ರಗಳನ್ನು ತಯಾರಿಸಿ, ಹಲವು ಭಾಷೆಗಳ ಜನರನ್ನು ನಗಿಸಿದವರಲ್ಲಿ ಬಿ.ಆರ್. ಪಂತುಲು ಅವರು ಪ್ರಮುಖರು.

ಬೂದುಗೂರು ರಾಮಕೃಷ್ಣಯ್ಯ ಪಂತುಲು ಅವರು 1910ರಲ್ಲಿ ಜನಿಸಿದರು. ಅವರ ಹುಟ್ಟೂರು ಕೋಲಾರ ಮತ್ತು ಕುಪ್ಪಂ ಸೀಮೆಗಳು ಕೂಡುವ ಗಡಿಪ್ರದೇಶದಲ್ಲಿದೆ. ಈ ಪ್ರದೇಶದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳು ನೆರೆಹೊರೆಯವರಂತೆ ಬಾಳುತ್ತವೆ. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವುದು ಇಲ್ಲಿಯ ಜನರಿಗೆ ವಿಶೇಷವೆನಿಸುವುದಿಲ್ಲ. ಪಂತುಲು ಎಂಬ ಮಾತಿಗೆ ತೆಲುಗಿನಲ್ಲಿ ಉಪಾಧ್ಯಾಯ ಎಂಬ ಅರ್ಥವೂ ಉಂಟು. ಹೆಸರಿಗೆ ತಕ್ಕಂತೆ ಅವರು ಮೊದಲು ಕೆಲವು ಕಾಲ ಉಪಾಧ್ಯಾಯ ವೃತ್ತಿಯಲ್ಲಿಯೇ ಇದ್ದರು. ಆದರೆ ಅವರ ಮನಸ್ಸು ರಂಗಭೂಮಿಯತ್ತ ಒಲಿಯಿತು.

ಆ ಕಾಲದಲ್ಲಿ ಕನ್ನಡ ವೃತ್ತಿರಂಗಭೂಮಿಯಲ್ಲಿ ಪೌರಾಣಿಕ ನಾಟಕಗಳ ವೈಭವವೇ ಹೆಚ್ಚಾಗಿತ್ತು. ಚಂದ್ರಕಲಾ ನಾಟಕ ಮಂಡಳಿಯು ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕ’ ಎಂಬ ಸಾಮಾಜಿಕ ನಾಟಕವನ್ನು ಆಡಿ ಜನಮನ್ನಣೆ ಗಳಿಸಿತು. ಅದರಲ್ಲಿ ಪಂತುಲು ಮತ್ತು ಎಂ.ವಿ. ರಾಜಮ್ಮ ಅವರು ಅಭಿನಯಿಸುತ್ತಿದ್ದರು. 1936ರಲ್ಲಿ ಸಿಂಹ ಅವರ ನಿರ್ದೇಶನದಲ್ಲಿಯೇ ಆ ನಾಟಕವು ಚಲನಚಿತ್ರವಾದಾಗ ಪಂತುಲು ಅವರೇ ನಾಯಕರಾದರು. ಕನ್ನಡದ ಮೊದಲ ಮಾತಿನ ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡು ಆಗ ಎರಡು ವರ್ಷಗಳಷ್ಟೇ ಕಳೆದಿದ್ದವು. ಕಿರೀಟ, ಗದೆಗಳಿಲ್ಲದೆ ನಿತ್ಯದ ಉಡುಪಿನ ಮನುಷ್ಯರ ಸುಖದುಃಖಗಳನ್ನು ಕನ್ನಡ ತೆರೆಯ ಮೇಲೆ ತೋರಿಸಿದ ಮೊದಲ ಸಾಮಾಜಿಕ ಚಿತ್ರವೆಂದು ‘ಸಂಸಾರ ನೌಕ’ ಪ್ರಸಿದ್ಧವಾಯಿತು.

ಮುಂದೆ ಮದರಾಸೇ ಪಂತುಲು ಅವರ ಕರ್ಮಭೂಮಿಯಾಯಿತು. ಕನ್ನಡ, ತಮಿಳು, ತೆಲುಗು ಚಿತ್ರಗಳೆಲ್ಲವೂ ಬಹುಮಟ್ಟಿಗೆ ಆ ನಗರದ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದ ಕಾಲವದು. ಹಲವು ವರ್ಷ ನಟರಾಗಿ ದುಡಿದ ಪಂತುಲು ಅವರು ಪದ್ಮಿನಿ ಪಿಕ್ಚರ್ಸ್ ಎಂಬ ಸಂಸ್ಥೆಯನ್ನು ಕಟ್ಟಿ ನಿರ್ಮಾಪಕರಾದರು. ಸಂಸ್ಥೆಯ ಮೊದಲ ಚಿತ್ರ 1954ರಲ್ಲಿ ತೆರೆಕಂಡ ತಮಿಳು ಹಾಸ್ಯಚಿತ್ರ. ಮರುವರ್ಷ ‘ಮೊದಲ ತೇದಿ’ಯಿಂದ ಅವರು ನಿರ್ದೇಶಕರೂ ಆದರು. ತಿಂಗಳ ಮೊದಲ ದಿನವನ್ನೇ ಎದುರುನೋಡುತ್ತ ಬದುಕುವ ಸಂಬಳದಾರನ ಸಂಸಾರದ ಕಥೆಯದು. ಅದನ್ನು ಕನ್ನಡ ಮತ್ತು ತಮಿಳು ಎರಡು ಭಾಷೆಗಳಲ್ಲಿಯೂ ಅವರು ತಯಾರಿಸಿದರು. ಕನ್ನಡ ಚಿತ್ರಗಳ ಮಾರುಕಟ್ಟೆ ಅಂದು ಬಹಳ ಕಿರಿದಾಗಿತ್ತು. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಚಿತ್ರಿಸಿದರೆ ವೆಚ್ಚವು ಹಂಚಿಹೋಗುತ್ತಿತ್ತು. ‘ರತ್ನಗಿರಿ ರಹಸ್ಯ’ವನ್ನೂ ಅವರು 1957ರಲ್ಲಿ ಹೀಗೆಯೇ ತಯಾರಿಸಿದರು.

1958ನೆಯ ವರ್ಷವು ಪಂತುಲು ಅವರ ಬಾಳಿನಲ್ಲಿ ಮಹತ್ತ್ವದ್ದು. ಆ ವರ್ಷ ತೆರೆಕಂಡ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಅವರೇ ಉಪಾಧ್ಯಾಯರ ಪಾತ್ರವನ್ನು ವಹಿಸಿದರು, ಎಂ.ವಿ. ರಾಜಮ್ಮ ಅವರು ಪತ್ನಿಯ ಪಾತ್ರದಲ್ಲಿ ಕಾಣಿಸಿಕೊಂಡರು. ಊರಿನ ಮಕ್ಕಳನ್ನೆಲ್ಲ ತಿದ್ದಿದ ಮೇಷ್ಟ್ರು ಮುಪ್ಪಿನಲ್ಲಿ ತಮ್ಮ ಮಕ್ಕಳಿಗೇ ಹೊರೆಯಾಗುತ್ತಾರೆ. ತಂದೆಯು ಒಬ್ಬ ಮಗನ ಮನೆಗೆ, ತಾಯಿಯು ಮತ್ತೊಬ್ಬನ ಮನೆಗೆ ಹಂಚಿಹೋಗುತ್ತಾರೆ. ಅವರನ್ನು ಕೈಹಿಡಿಯುವವನು ಹಳೆಯ ಶಿಷ್ಯ. ಈ ಚಿತ್ರವು 25 ವಾರಗಳ ಕಾಲ ನಡೆದು ಕನ್ನಡ ಚಿತ್ರೋದ್ಯಮಕ್ಕೆ ಹೊಸ ಧೈರ್ಯವನ್ನು ತಂದಿತು. ಅನಂತರ ಈ ಕಥೆ ನೆರೆಯ ಭಾಷೆಗಳಿಗೂ ಹೋಯಿತು. 1972ರಲ್ಲಿ ಎನ್.ಟಿ. ರಾಮರಾವ್ ಅವರು ನಟಿಸಿದ ತೆಲುಗು ರೂಪಕ್ಕೆ ‘ಬಡಿಪಂತುಲು’ ಎಂದೇ ಹೆಸರು. ಹಿಂದೆ ಶಾಲೆಯನ್ನು ಬಿಟ್ಟುಬಂದ ಪಂತುಲು ಅವರು ಹೀಗೆ ಚಿತ್ರದ ಮೂಲಕ ಮತ್ತೆ ಉಪಾಧ್ಯಾಯರಾದರು.

ಅದೇ ವರ್ಷ ಅವರು ತಮಿಳಿನಲ್ಲಿ ‘ಶಭಾಷ್ ಮೀನಾ’ ಎಂಬ ಹಾಸ್ಯಚಿತ್ರವನ್ನು ನಿರ್ದೇಶಿಸಿದರು. ಧನಿಕನೊಬ್ಬನು ಹೊಣೆಗಾರಿಕೆಯಿಲ್ಲದ ತನ್ನ ಮಗ ಮೋಹನನನ್ನು ತಿದ್ದುವ ಸಲುವಾಗಿ ಮದರಾಸಿನಲ್ಲಿರುವ ಸ್ನೇಹಿತನ ಮನೆಗೆ ಕಳುಹಿಸುತ್ತಾನೆ. ಆ ಶಿಸ್ತಿನ ಮನೆಯಲ್ಲಿ ಇರಲೊಲ್ಲದ ಮೋಹನನು ತನ್ನ ಬಡ ಗೆಳೆಯ ಶೇಖರನಿಗೆ ತನ್ನ ಹೆಸರನ್ನು ಕೊಟ್ಟು ಅಲ್ಲಿಗೆ ಕಳುಹಿಸುತ್ತಾನೆ. ಶೇಖರನು ಮೋಹನನೆಂಬ ಹೆಸರಿನಲ್ಲಿ ಮರ್ಯಾದೆ ಪಡೆಯುತ್ತಾನೆ. ಆ ಮನೆಯ ಮಗಳು ಅವನನ್ನು ಮೆಚ್ಚುತ್ತಾಳೆ. ಇತ್ತ ನಿಜವಾದ ಮೋಹನನು ಮೀನಾ ಎಂಬ ಬಡ ಹುಡುಗಿಯನ್ನು ಪ್ರೀತಿಸುತ್ತಾನೆ. ಇಷ್ಟು ಸಾಲದೆಂಬಂತೆ ಶೇಖರನನ್ನೇ ಹೋಲುವ ರಿಕ್ಷಾ ಎಳೆಯುವವನೊಬ್ಬನೂ ಕಥೆಯನ್ನು ಪ್ರವೇಶಿಸುತ್ತಾನೆ. ಮೋಹನನಾಗಿ ಶಿವಾಜಿ ಗಣೇಶನ್ ಅವರೂ, ಶೇಖರ ಮತ್ತು ರಿಕ್ಷಾದವನಾಗಿ ಚಂದ್ರಬಾಬು ಅವರೂ ಅಭಿನಯಿಸಿದರು. ಶೇಖರನನ್ನು ಮೆಚ್ಚಿದ ಹುಡುಗಿಯಾಗಿ ಕನ್ನಡದ ಬಿ. ಸರೋಜಾದೇವಿ ಅವರಿದ್ದರು.

ಈ ಕಥೆಯಲ್ಲಿ ಎರಡು ಬಗೆಯ ಭ್ರಾಂತಿಗಳು ಹೆಣೆದುಕೊಂಡಿವೆ. ಒಂದು ಹೆಸರಿನಿಂದ ಹುಟ್ಟುವುದು, ಮತ್ತೊಂದು ಮುಖದಿಂದ ಹುಟ್ಟುವುದು. ಎರಡನ್ನೂ ಕಾಣುವ ಪ್ರೇಕ್ಷಕನು ನಗುತ್ತ ನಗುತ್ತಲೇ ಒಂದು ಸಂಗತಿಯನ್ನು ಗಮನಿಸುತ್ತಾನೆ. ಶೇಖರನ ಗುಣವಾಗಲಿ ವಿದ್ಯೆಯಾಗಲಿ ಒಂದೇ ದಿನದಲ್ಲಿ ಬದಲಾಗಿಲ್ಲ. ನಿನ್ನೆ ಅವನನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಇಂದು ಧನಿಕನ ಹೆಸರನ್ನು ಧರಿಸಿದೊಡನೆ ದೊಡ್ಡ ಮನೆಯ ಬಾಗಿಲು ತೆರೆಯುತ್ತದೆ. ಅವನಷ್ಟೇ ರೂಪವುಳ್ಳ ಮತ್ತೊಬ್ಬನು ರಿಕ್ಷಾ ಎಳೆಯುವವನಾದುದರಿಂದ ಬೀದಿಯಲ್ಲಿಯೇ ನಿಲ್ಲಬೇಕಾಗುತ್ತದೆ. ಜನರು ಮನ್ನಿಸುವುದು ಮನುಷ್ಯನನ್ನೋ ಅಥವಾ ಅವನ ಹೆಸರು ಮತ್ತು ಉಡುಪನ್ನೋ ಎಂಬ ಪ್ರಶ್ನೆಯನ್ನು ಚಿತ್ರವು ಉಪದೇಶದ ಮಾತಿಲ್ಲದೆ ಮುಂದಿಡುತ್ತದೆ.

ಪಂತುಲು ಅವರು ಇದೇ ಕಥೆಯನ್ನು 1962ರಲ್ಲಿ ‘ದಿಲ್ ತೇರಾ ದೀವಾನಾ’ ಎಂಬ ಹೆಸರಿನಿಂದ ಹಿಂದಿಯಲ್ಲಿ ನಿರ್ದೇಶಿಸಿದರು. ಶಮ್ಮಿ ಕಪೂರ್ ನಾಯಕರಾಗಿದ್ದ ಆ ಚಿತ್ರದಲ್ಲಿ ಗೆಳೆಯನ ಪಾತ್ರವನ್ನು ವಹಿಸಿದ ಮೆಹಮೂದ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಲಭಿಸಿತು. ಮುಂದೆ 1971ರಲ್ಲಿ ಅದು ‘ಅಳಿಯ ಗೆಳೆಯ’ನಾಗಿ ಕನ್ನಡಕ್ಕೂ ಬಂದಿತು. ಒಂದೇ ಕಥೆಯನ್ನು ಒಬ್ಬ ನಿರ್ದೇಶಕನೇ ಮೂರು ಭಾಷೆಗಳಲ್ಲಿ ತಯಾರಿಸುವುದು ಸುಲಭವಾದ ಕೆಲಸವಲ್ಲ. ಹಾಸ್ಯದ ಮಾತುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ತಮ್ಮ ಸೊಗಸನ್ನು ಕಳೆದುಕೊಳ್ಳುತ್ತವೆ. ಆದರೆ ಒಬ್ಬನನ್ನು ಮತ್ತೊಬ್ಬನೆಂದು ತಿಳಿದು ಮೋಸಹೋಗುವ ಸನ್ನಿವೇಶವು ಎಲ್ಲ ಭಾಷೆಗಳಲ್ಲಿಯೂ ನಗುವನ್ನು ತರುತ್ತದೆ. ಮೂರು ಭಾಷೆಗಳ ನಡುವೆ ಬೆಳೆದ ಪಂತುಲು ಅವರಿಗೆ ಈ ಮರ್ಮವು ಚೆನ್ನಾಗಿ ತಿಳಿದಿತ್ತು.

ಅವರು ಹಾಸ್ಯಚಿತ್ರಗಳಿಗೆ ಮಾತ್ರ ತಮ್ಮನ್ನು ಸೀಮಿತಗೊಳಿಸಿಕೊಳ್ಳಲಿಲ್ಲ. ನಾಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ಚರಿತ್ರೆಯನ್ನು ಜನರ ಮುಂದಿಡಬೇಕೆಂಬ ಆಸೆ ಅವರಿಗಿತ್ತು. 1959ರಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಚಿತ್ರವನ್ನು ತಯಾರಿಸಿದರು. ಅದರ ನಾಯಕ ಶಿವಾಜಿ ಗಣೇಶನ್ ಅವರಿಗೆ 1960ರಲ್ಲಿ ಕೈರೋ ನಗರದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. 1961ರಲ್ಲಿ ಕನ್ನಡದ ‘ಕಿತ್ತೂರು ಚೆನ್ನಮ್ಮ’ ಬಂದಿತು. ಅದೇ ವರ್ಷ ಸ್ವದೇಶಿ ಹಡಗು ಕಂಪನಿಯನ್ನು ಸ್ಥಾಪಿಸಿ ಸೆರೆಮನೆಯ ಕಷ್ಟಗಳನ್ನು ಅನುಭವಿಸಿದ ವಿ.ಒ. ಚಿದಂಬರಂ ಪಿಳ್ಳೆಯವರ ಜೀವನವನ್ನು ತಮಿಳಿನಲ್ಲಿ ಚಿತ್ರಿಸಿದರು. ಈ ಕೊನೆಯ ಚಿತ್ರವು ರಾಷ್ಟ್ರೀಯ ಮನ್ನಣೆಯನ್ನು ಪಡೆದರೂ, ಬಿಡುಗಡೆಯಾದಾಗ ಹಣವನ್ನು ತರಲಿಲ್ಲ. ಜನರು ಮೆಚ್ಚಬೇಕಾದುದನ್ನು ಮೆಚ್ಚುವ ವೇಳೆಗೆ ನಿರ್ಮಾಪಕನ ಕೈ ಬರಿದಾಗಿರುವುದು ಚಿತ್ರರಂಗದಲ್ಲಿ ಅಪರೂಪವಲ್ಲ.

ಅಂತಹ ನಷ್ಟದಿಂದ ಪಂತುಲು ಅವರು ಧೃತಿಗೆಡಲಿಲ್ಲ. ಮರುವರ್ಷವೇ, ಎಂದರೆ 1962ರಲ್ಲಿ, ‘ಬಲೇ ಪಾಂಡಿಯಾ’ ಎಂಬ ತಮಿಳು ಹಾಸ್ಯಚಿತ್ರವನ್ನು ನೀಡಿದರು. ಇದರಲ್ಲಿ ಶಿವಾಜಿ ಗಣೇಶನ್ ಅವರಿಗೆ ಮೂರು ಪಾತ್ರಗಳು, ಎಂ.ಆರ್. ರಾಧಾ ಅವರಿಗೆ ಎರಡು ಪಾತ್ರಗಳು. ಬಾಳಿನಲ್ಲಿ ಬೇಸತ್ತ ಮುಗ್ಧ ಯುವಕನು ಒಬ್ಬ ದುಷ್ಟನ ಕಣ್ಣಿಗೆ ಬೀಳುತ್ತಾನೆ. ಆ ದುಷ್ಟನ ಬಂಟನೊಬ್ಬನು ರೂಪದಲ್ಲಿ ಈ ಯುವಕನಂತೆಯೇ ಇದ್ದಾನೆ. ಮುಗ್ಧನು ಸತ್ತರೆ ಬಂಟನೇ ಸತ್ತನೆಂದು ಪೊಲೀಸರನ್ನು ನಂಬಿಸಬಹುದೆಂಬುದು ದುಷ್ಟನ ಹಂಚಿಕೆ. ಒಂದು ಪ್ರಾಣದ ಅಪಾಯವನ್ನು ಒಳಗಿಟ್ಟುಕೊಂಡು ನಗುವನ್ನು ಬೆಳೆಸಿರುವುದು ಈ ಕಥೆಯ ವಿಶೇಷ. ಇಷ್ಟೊಂದು ಪಾತ್ರಗಳ ಚಿತ್ರೀಕರಣವನ್ನು ಎರಡು ವಾರ ತುಂಬುವುದರೊಳಗಾಗಿ ಮುಗಿಸಿದುದು ಪಂತುಲು ಅವರ ಕಾರ್ಯದಕ್ಷತೆಗೆ ಸಾಕ್ಷಿಯಾಗಿದೆ. ನಾಲ್ಕು ವರ್ಷಗಳ ಅನಂತರ, 1966ರಲ್ಲಿ, ಇದೇ ಕಥೆ ‘ಎಮ್ಮೆ ತಮ್ಮಣ್ಣ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಮುಗ್ಧನಾದ ತಮ್ಮಣ್ಣನಾಗಿಯೂ, ಅವನನ್ನೇ ಹೋಲುವ ಮತ್ತೊಬ್ಬನಾಗಿಯೂ ರಾಜಕುಮಾರ್ ಅವರು ಅಭಿನಯಿಸಿದರು.

ಒಬ್ಬ ನಟನು ಏಕಕಾಲದಲ್ಲಿ ತೆರೆಯ ಮೇಲೆ ಇಬ್ಬರಾಗಿ ಕಾಣುವುದು ಅಂದಿನ ಪ್ರೇಕ್ಷಕರಿಗೆ ದೊಡ್ಡ ವಿಸ್ಮಯವಾಗಿತ್ತು. ಗಣಕಯಂತ್ರದ ನೆರವಿಲ್ಲದ ಆ ದಿನಗಳಲ್ಲಿ ಈ ಕೆಲಸವನ್ನು ಕ್ಯಾಮೆರಾದಲ್ಲಿಯೇ ಸಾಧಿಸುತ್ತಿದ್ದರು. ಕ್ಯಾಮೆರಾವನ್ನು ಕೂದಲೆಳೆಯಷ್ಟೂ ಅಲುಗದಂತೆ ಬಿಗಿದು ನಿಲ್ಲಿಸಬೇಕು. ಮಸೂರದ ಮುಂದೆ ಕಪ್ಪು ಮರೆಯನ್ನು ಇಟ್ಟು ದೃಶ್ಯದ ಬಲ ಅರ್ಧವನ್ನು ಮುಚ್ಚಬೇಕು. ನಟನು ಎಡಭಾಗದಲ್ಲಿ ನಿಂತು, ಎದುರಿಗೆ ಯಾರೂ ಇಲ್ಲದಿದ್ದರೂ ಇರುವರೆಂದೇ ಭಾವಿಸಿ ಮಾತನಾಡಬೇಕು. ಅನಂತರ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಎಡಕ್ಕೆ ಸರಿಸಿ, ನಟನು ವೇಷ ಬದಲಿಸಿ ಬಂದು ಬಲಭಾಗದಲ್ಲಿ ನಿಂತು ಮೊದಲಿನ ಮಾತುಗಳಿಗೆ ಉತ್ತರ ಕೊಡಬೇಕು. ಬೆಳಕು ಬದಲಾದರೆ ನಡುವೆ ಗೆರೆ ಕಾಣುತ್ತದೆ. ನಟನ ಕೈ ನಡುಗೆರೆಯನ್ನು ದಾಟಿದರೆ ಮಾಯವಾಗುತ್ತದೆ. ನೋಟ ತುಸು ತಪ್ಪಿದರೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದಂತಾಗುತ್ತದೆ. ಜನರು ಕ್ಷಣಮಾತ್ರ ನಕ್ಕು ಮರೆಯುವ ದೃಶ್ಯದ ಹಿಂದೆ ಇಷ್ಟು ಎಚ್ಚರ, ಇಷ್ಟು ಲೆಕ್ಕಾಚಾರ ಅಡಗಿರುತ್ತಿತ್ತು.

ಅಂದಿನ ಚಿತ್ರಗಳು ಬೆಂಗಳೂರಿನ ದೊಡ್ಡ ಚಿತ್ರಮಂದಿರಗಳನ್ನು ದಾಟಿ ಸುತ್ತಲಿನ ಊರುಗಳಿಗೆ ಹೋಗುತ್ತಿದ್ದವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ಟೆಂಟ್ ಸಿನಿಮಾಗಳದೇ ಕಾಲವದು. ಮಗ್ಗದ ಕೆಲಸ ಮುಗಿಸಿದ ನೇಕಾರರೂ, ಹೊಲದಿಂದ ಮರಳಿದ ರೈತರೂ ಕತ್ತಲಾಗುವುದನ್ನೇ ಕಾದು ಟೆಂಟಿನ ಮುಂದೆ ನೆರೆಯುತ್ತಿದ್ದರು. ನೆಲದ ಟಿಕೆಟು ಕೊಂಡವರು ಮರಳಿನ ಮೇಲೆಯೇ ಕುಳಿತುಕೊಳ್ಳುತ್ತಿದ್ದರು. ಒಂದೇ ಯಂತ್ರವಿದ್ದ ಟೆಂಟಿನಲ್ಲಿ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ತೆರೆಯ ಮೇಲಿರುವವನು ಯಾವ ತಮ್ಮಣ್ಣನೆಂಬ ಚರ್ಚೆಗೆ ಆ ಬಿಡುವು ಒಳ್ಳೆಯ ಅವಕಾಶವಾಗುತ್ತಿತ್ತು. ಓದುಬರೆಹ ಬಲ್ಲವರೂ ಬಾರದವರೂ ಒಂದೇ ನೆಲದ ಮೇಲೆ ಕುಳಿತು ಒಂದೇ ಸನ್ನಿವೇಶಕ್ಕೆ ನಗುತ್ತಿದ್ದರು. ಉಡುಪಿನಿಂದ ಮನುಷ್ಯನನ್ನು ಅಳೆಯಬಾರದೆಂಬ ಪಾಠಕ್ಕೆ ಅದಕ್ಕಿಂತ ತಕ್ಕ ತರಗತಿ ಬೇರೆ ಇರಲಿಲ್ಲ.

ಯಾರು ಯಾರೆಂದು ತಿಳಿಯದೆ ಹೋಗುವುದು ಯಾವಾಗಲೂ ನಗುವಿನಲ್ಲಿಯೇ ಮುಗಿಯುವುದಿಲ್ಲ. ಪಂತುಲು ಅವರು 1964ರಲ್ಲಿ ತಯಾರಿಸಿದ ‘ಕರ್ಣನ್’ ಎಂಬ ತಮಿಳು ಚಿತ್ರವು ಇದಕ್ಕೆ ನಿದರ್ಶನ. ಕರ್ಣನು ಕುಂತಿಯ ಮಗ. ಲೋಕವು ಅವನನ್ನು ಸೂತಪುತ್ರನೆಂದು ತಿಳಿಯಿತು. ಪರಾಕ್ರಮದಲ್ಲಿ ಯಾರಿಗೂ ಕಡಿಮೆಯಿಲ್ಲದ ಅವನನ್ನು ತುಂಬಿದ ಸಭೆಯಲ್ಲಿ ಕುಲವನ್ನು ಕೇಳಿ ಅವಮಾನಗೊಳಿಸಿದರು. ಅವನು ಯಾರೆಂಬ ಸತ್ಯ ತಿಳಿದವರಿದ್ದರು. ಆದರೆ ಅವರು ಬಾಯಿಬಿಡಲಿಲ್ಲ. ಪಾಂಡವರಿಗೆ ಅಣ್ಣನ ಗುರುತು ತಿಳಿದಾಗ ಅಣ್ಣನು ಉಳಿದಿರಲಿಲ್ಲ. ಹಾಸ್ಯಚಿತ್ರದಲ್ಲಿ ಭ್ರಾಂತಿಯು ಕೊನೆಯ ರೀಲಿನೊಳಗೆ ಹರಿದು ಎಲ್ಲರೂ ಒಂದಾಗುತ್ತಾರೆ. ಕರ್ಣನ ಕಥೆಯಲ್ಲಿ ಅದು ಹರಿಯುವ ವೇಳೆಗೆ ಕಾಲ ಮೀರಿರುತ್ತದೆ. ನಗುವಿಗೂ ಕಣ್ಣೀರಿಗೂ ಇರುವ ಅಂತರ ಇಷ್ಟೇ. ‘ಸ್ಕೂಲ್ ಮಾಸ್ಟರ್’ ಚಿತ್ರದ ಮಕ್ಕಳು ತಮ್ಮ ತಂದೆ ಎಂತಹವರೆಂಬುದನ್ನು ಗುರುತಿಸಲು ತಡಮಾಡಿದುದೂ ಇದೇ ಬಗೆಯ ತಪ್ಪು. ಪಂತುಲು ಅವರ ಹಾಸ್ಯಚಿತ್ರಗಳನ್ನೂ ಗಂಭೀರಚಿತ್ರಗಳನ್ನೂ ಬೆಸೆಯುವ ಎಳೆಯು ಇಲ್ಲಿ ಗೋಚರವಾಗುತ್ತದೆ.

ಇತರರಲ್ಲಿ ಅಡಗಿರುವ ಶಕ್ತಿಯನ್ನು ಗುರುತಿಸುವುದರಲ್ಲಿ ಸ್ವತಃ ಪಂತುಲು ಅವರು ತಡಮಾಡಿದವರಲ್ಲ. 1963ರಲ್ಲಿ ಕಲ್ಪನಾ ಅವರನ್ನು ‘ಸಾಕು ಮಗಳು’ ಚಿತ್ರದ ಮೂಲಕ ಕನ್ನಡಿಗರಿಗೆ ಪರಿಚಯಿಸಿದರು. 1964ರ ‘ಚಿನ್ನದ ಗೊಂಬೆ’ಯಲ್ಲಿ ಜಯಲಲಿತಾ ಅವರಿಗೆ ನಾಯಕಿಯ ಪಾತ್ರವನ್ನು ನೀಡಿದರು. ಕಣಗಾಲಿನ ಪುಟ್ಟಣ್ಣ ಅವರು ಪಂತುಲು ಅವರ ಬಳಿ ಸಹಾಯಕರಾಗಿದ್ದುಕೊಂಡು ಚಿತ್ರಕಲೆಯ ಪಾಠಗಳನ್ನು ಕಲಿತರು; ಮುಂದೆ ಕನ್ನಡದ ಶ್ರೇಷ್ಠ ನಿರ್ದೇಶಕರಲ್ಲಿ ಒಬ್ಬರಾದರು. ಗುರುವು ಪ್ರಸಿದ್ಧಿಗೆ ತಂದ ‘ಸ್ಕೂಲ್ ಮಾಸ್ಟರ್’ ಕಥೆಯನ್ನು ಮಲಯಾಳದಲ್ಲಿ ನಿರ್ದೇಶಿಸುವ ಅವಕಾಶ 1964ರಲ್ಲಿ ಈ ಶಿಷ್ಯನಿಗೇ ಒದಗಿದುದು ಸಂತೋಷದ ಸಂಗತಿ.

1970ರಲ್ಲಿ ತೆರೆಕಂಡ ‘ಶ್ರೀಕೃಷ್ಣದೇವರಾಯ’ ಚಿತ್ರದಲ್ಲಿ ರಾಜಕುಮಾರ್ ಅವರು ಚಕ್ರವರ್ತಿಯಾದರು; ಅವನಿಗೆ ಮಾರ್ಗದರ್ಶಕನಾದ ಮಂತ್ರಿ ತಿಮ್ಮರಸನ ಪಾತ್ರವನ್ನು ಪಂತುಲು ಅವರು ವಹಿಸಿದರು. ಈ ಅಭಿನಯಕ್ಕಾಗಿ ಅವರಿಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಜೀವನದ ಕೊನೆಯವರೆಗೂ ಅವರು ಕೆಲಸವನ್ನು ಬಿಡಲಿಲ್ಲ. ತಮಿಳಿನಲ್ಲಿ ಎಂ.ಜಿ. ರಾಮಚಂದ್ರನ್ ಅವರ ಐತಿಹಾಸಿಕ ಚಿತ್ರವೊಂದು ತಯಾರಾಗುತ್ತಿರುವಾಗಲೇ, 1974ರ ಅಕ್ಟೋಬರ್ 8ರಂದು, ಪಂತುಲು ಅವರು ನಿಧನರಾದರು. ನಾಯಕ ನಟರಾದ ರಾಮಚಂದ್ರನ್ ಅವರೇ ನಿರ್ದೇಶನದ ಹೊಣೆಯನ್ನು ಹೊತ್ತು ಆ ಚಿತ್ರವನ್ನು ಪೂರ್ಣಗೊಳಿಸಿದರು. ಅದು 1978ರಲ್ಲಿ ಬಿಡುಗಡೆಯಾಯಿತು.

ಪಂತುಲು ಅವರ 1964ರ ‘ಕರ್ಣನ್’ 2012ರಲ್ಲಿ ಹೊಸ ತಂತ್ರಜ್ಞಾನದಿಂದ ಸಂಸ್ಕರಣಗೊಂಡು ಮತ್ತೆ ಚಿತ್ರಮಂದಿರಗಳಿಗೆ ಬಂದು, ಹೊಸ ಪೀಳಿಗೆಯ ಜನರನ್ನೂ ಆಕರ್ಷಿಸಿತು. ಭ್ರಾಂತಿಯ ಹಾಸ್ಯವೂ ನಿಲ್ಲಲಿಲ್ಲ. ವಿದ್ಯಾಸಾಗರರು ಬಂಗಾಳಿಗೆ ತಂದ ಅವಳಿಗಳ ಕಥೆಯು 1982ರಲ್ಲಿ ಹಿಂದಿಯ ‘ಅಂಗೂರ್’ ಚಿತ್ರವಾಯಿತು. 1997ರಲ್ಲಿ ‘ಉಲ್ಟಾ ಪಲ್ಟಾ’ ಎಂಬ ಹೆಸರಿನಿಂದ ಕನ್ನಡಿಗರನ್ನು ನಗಿಸಿತು.

ಪಂತುಲು ಅವರನ್ನು ಕನ್ನಡಿಗರು ‘ಸ್ಕೂಲ್ ಮಾಸ್ಟರ್’ ಚಿತ್ರದ ಮೇಷ್ಟ್ರೆಂದು ನೆನೆಯುತ್ತಾರೆ. ತಮಿಳರು ‘ಕಟ್ಟಬೊಮ್ಮನ್’ ನಿರ್ಮಿಸಿದ ತಮ್ಮವರೆಂದು ಹೇಳಿಕೊಳ್ಳುತ್ತಾರೆ. ಅವರ ಹೆಸರನ್ನು ಕೇಳಿದವರು ತೆಲುಗಿನವರೆಂದು ಭಾವಿಸುವುದೂ ಉಂಟು. ಗಡಿನಾಡಿನಲ್ಲಿ ಹುಟ್ಟಿದ ಅವರು ಮೂರು ನಾಡುಗಳಲ್ಲಿಯೂ ತಮ್ಮ ಮನೆಯಲ್ಲಿರುವಂತೆಯೇ ದುಡಿದರು. ಹೆಸರು, ಉಡುಪು, ಭಾಷೆ ಯಾವುದೇ ಇರಲಿ, ಅದರ ಹಿಂದಿರುವ ಮನುಷ್ಯನನ್ನು ಸಕಾಲದಲ್ಲಿ ಗುರುತಿಸಬೇಕೆಂಬುದನ್ನು ಅವರ ಚಿತ್ರಗಳು ಕೆಲವೊಮ್ಮೆ ನಗಿಸಿ, ಕೆಲವೊಮ್ಮೆ ಅಳಿಸಿ ಕಲಿಸಿದವು. ಶಾಲೆಯ ಕೊಠಡಿಯನ್ನು ಬಿಟ್ಟುಬಂದ ಆ ಉಪಾಧ್ಯಾಯರು ತಮ್ಮ ಪಾಠವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.